ಸೆರಗಿನ ಮರೆಯ ನಗೆ

ನಗುವುದಕ್ಕೆ ಸೆರಗಿನ ಆಸರೆ ಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಆದರೂ ಗುಂಡ್ಲುಪೇಟೆಯ ಆ ಗೃಹಿಣಿ ನಗು ಬಂದಾಗಲೆಲ್ಲ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನೋಡಿದವರು ನಾಚಿಕೆಯೆಂದುಕೊಂಡರು, ಅತ್ತೆಮನೆಯವರು ಮರ್ಯಾದೆಯೆಂದು ಮೆಚ್ಚಿಕೊಂಡರು. ನಿಜವಾದ ಕಾರಣವನ್ನು ಬಲ್ಲವಳು ಅವಳೊಬ್ಬಳೇ. ಅವಳ ಮೇಲಿನ ಸಾಲಿನ ಮುಂಬಲ್ಲುಗಳು ತುಟಿಯ ಅಂಕೆಗೆ ಸಿಕ್ಕದೆ ಮುಂದಕ್ಕೆ ಚಾಚಿಕೊಂಡಿದ್ದವು.

ಅವಳ ತವರು ಚಾಮರಾಜನಗರ. ಶಾಲೆಯಲ್ಲಿ ಅವಳಿಗೆ ಹೆಸರಿಗಿಂತ ಹೆಚ್ಚಾಗಿ ‘ಹಲ್ಲುಬ್ಬಿ’ ಎಂಬ ಬಿರುದೇ ಸಲ್ಲುತ್ತಿತ್ತು. ವಯಸ್ಸಿಗೆ ಬಂದ ಮೇಲೆ ಹೆಣ್ಣು ನೋಡಲು ಬಂದವರೊಬ್ಬರು, “ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ...” ಎಂದು ಮಾತನ್ನು ಅಷ್ಟಕ್ಕೇ ನಿಲ್ಲಿಸಿ ಕಾಫಿ ಕುಡಿದು ಹೊರಟುಹೋಗಿದ್ದರು. ಆ ‘ಆದರೆ’ ಎಂಬ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. 2008ರಲ್ಲಿ ಗುಂಡ್ಲುಪೇಟೆಯ ಬೇಸಾಯಗಾರರ ಮನೆಗೆ ಸೊಸೆಯಾಗಿ ಬಂದಳು. ಗಂಡ ಸಜ್ಜನ, ಹಲ್ಲಿನ ಮಾತನ್ನು ಒಂದು ದಿನವೂ ಎತ್ತಿದವನಲ್ಲ. ಆ ವರ್ಷದ ಆಷಾಢದಲ್ಲಿ, ಊರಿನ ಪದ್ಧತಿಯಂತೆ, ಹೊಸ ಜೋಡಿ ಚಾಮರಾಜೇಶ್ವರನ ತೇರಿಗೆ ಹೋಯಿತು. ತೇರಿನ ಕಳಸದತ್ತ ಹಣ್ಣು ಜವನ ಎಸೆದು ನಗುತ್ತಿದ್ದ ನೂರಾರು ನವವಧುಗಳ ನಡುವೆ ಅವಳೂ ನಕ್ಕಳು. ಆದರೆ ಒಂದು ಕೈಯಲ್ಲಿ ಹಣ್ಣು, ಇನ್ನೊಂದು ಕೈಯಲ್ಲಿ ಸೆರಗು.

ವರ್ಷಗಳು ಉರುಳಿದವು. ಮಗಳು ಹುಟ್ಟಿದಳು, ಬೆಳೆದಳು, ಹಾಲುಹಲ್ಲು ಉದುರಿ ಹೊಸ ಹಲ್ಲು ಬಂದವು. ಕೂಸಿನ ಮುಖದಲ್ಲಿ ತನ್ನದೇ ಬಾಯಿ ದಿನದಿನಕ್ಕೆ ರೂಪುಗೊಳ್ಳುತ್ತಿರುವುದನ್ನು ತಾಯಿ ನೋಡಿಯೂ ನೋಡದಂತಿದ್ದಳು. “ನಿನ್ನ ಪಡಿಯಚ್ಚು ಕಣವ್ವ ಇದು” ಎಂದು ಅತ್ತೆ ಹೇಳಿದಾಗ ಅವಳಿಗೆ ಹಿಗ್ಗಲೋ ಕುಗ್ಗಲೋ ತಿಳಿಯಲಿಲ್ಲ. ಹೀಗಿರಲು, ಮಗಳಿಗೆ ಹನ್ನೊಂದು ವರ್ಷ ತುಂಬಿದ ಮೇಲೆ ಒಂದು ಸಂಜೆ, ಹಿತ್ತಿಲಲ್ಲಿ ಗೆಳತಿಯರೊಡನೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ ಯಾವುದೋ ಮಾತಿಗೆ ಗಕ್ಕನೆ ನಕ್ಕಳು. ನಕ್ಕ ಮರುಕ್ಷಣವೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಸೆರಗಿಲ್ಲದ ಮಗು ಅಂಗೈಯನ್ನು ಹುಡುಕಿಕೊಂಡಿತ್ತು. ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡ ತಾಯಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದು ತಿಳಿಯಲಿಲ್ಲ.

ಅಂದು ರಾತ್ರಿ ಅವಳು ಗಂಡನಿಗೆ ಹೇಳಿದಳು: “ಮಗೂಗೆ ಹಲ್ಲಿನ ಡಾಕ್ಟರ ಹತ್ತಿರ ತೋರಿಸಬೇಕು.” ಅತ್ತೆ ಜಗಲಿಯಿಂದಲೇ ಅಡ್ಡ ಬಂದರು: “ದೇವರು ಕೊಟ್ಟ ಬಾಯಿಗೆ ತಂತಿ ಯಾಕವ್ವ? ನೋವಿಲ್ಲ, ಊಟಕ್ಕೆ ತೊಂದರೆಯಿಲ್ಲ.” ಸೊಸೆ ಎದುರಾಡಿ ಅಭ್ಯಾಸವಿಲ್ಲದವಳು, ಅಂದು ಮಾತ್ರ ಸುಮ್ಮನಿರಲಿಲ್ಲ. “ಊಟಕ್ಕೆ ತೊಂದರೆಯಿಲ್ಲ ಅತ್ತೆ, ನಗೋದಕ್ಕೆ ತೊಂದರೆ ಇದೆ” ಎಂದಳು. ಅತ್ತೆ ಸೊಸೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮತ್ತೆ ಮಾತಾಡಲಿಲ್ಲ.

ಗುಂಡ್ಲುಪೇಟೆಯ ದಂತವೈದ್ಯರು ಹುಡುಗಿಯ ಬಾಯನ್ನು ನೋಡಿ, ಇದು ತಾವು ಕೈಹಾಕುವ ಕೆಲಸವಲ್ಲವೆಂದೂ ಆರ್ಥೊಡಾಂಟಿಕ್ಸ್ ಓದಿದ ತಜ್ಞರೇ ನೋಡಬೇಕೆಂದೂ ತಿಳಿಸಿದರು. ಬಿ.ಡಿ.ಎಸ್. ಮುಗಿಸಿದ ಮೇಲೆ ಇನ್ನೂ ಮೂರು ವರ್ಷ ಹಲ್ಲು ದವಡೆಗಳ ಜೋಡಣೆಯನ್ನೇ ಅಭ್ಯಾಸ ಮಾಡಿದವರು ಇವರು. ಜನರ ಬಾಯಲ್ಲಿ ಇವರೆಲ್ಲ ‘ಕ್ಲಿಪ್ಪು ಹಾಕುವ ಡಾಕ್ಟರು’. ಮೈಸೂರಿನಲ್ಲಿ ಜೆ.ಎಸ್.ಎಸ್. ಮತ್ತು ಫಾರೂಕಿಯಾ ದಂತ ವೈದ್ಯ ಕಾಲೇಜುಗಳಿವೆ. ಇಂಥ ಕಾಲೇಜುಗಳ ಆಸ್ಪತ್ರೆಗಳಲ್ಲಿ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ನಡೆಸುವುದರಿಂದ ಖರ್ಚು ಖಾಸಗಿ ಕಡೆಗಿಂತ ಸಾಮಾನ್ಯವಾಗಿ ಕಡಿಮೆ. 2023ರ ಫೆಬ್ರವರಿಯ ಒಂದು ಬೆಳಿಗ್ಗೆ ತಂದೆ, ತಾಯಿ, ಮಗಳು ಮೂವರೂ ಬೇಗೂರು, ನಂಜನಗೂಡುಗಳನ್ನು ಹಾದುಹೋಗುವ ಬಸ್ಸು ಹತ್ತಿ, ಸುಮಾರು ಅರವತ್ತು ಕಿಲೋಮೀಟರ್ ದೂರದ ಮೈಸೂರಿಗೆ ಹೊರಟರು. ಕಪಿಲೆಯ ಸೇತುವೆಯ ಮೇಲೆ ತಾಯಿ ಕೈಮುಗಿದದ್ದು ನಂಜುಂಡೇಶ್ವರನಿಗೇ ಇರಬೇಕು.

ಅಲ್ಲಿನ ಡಾಕ್ಟರಮ್ಮ ಮಗುವಿನ ಹಲ್ಲನ್ನು ಮುಟ್ಟುವ ಮೊದಲು ಮುಖವನ್ನು ಪಕ್ಕದಿಂದ ನೋಡಿದರು. ಅನಂತರ ಅವಳ ಕೈಗೆ ಕನ್ನಡಿ ಕೊಟ್ಟು, “ಕೆಳಗಿನ ದವಡೆಯನ್ನು ಮೆಲ್ಲಗೆ ಮುಂದಕ್ಕೆ ತಾ ಮರಿ. ಇನ್ನೂ ಸ್ವಲ್ಪ. ಹಾಗೇ ಇರು” ಎಂದರು. ಹುಡುಗಿ ಹಾಗೆ ಮಾಡಿದಳು. ಆ ಕ್ಷಣದಲ್ಲಿ ನಡೆದುದನ್ನು ಕಂಡು ತಂದೆ ತಾಯಿಗಳಿಬ್ಬರೂ ಬೆರಗಾದರು. ತುಟಿಗಳು ಒಂದಕ್ಕೊಂದು ಕೂಡಿಕೊಂಡವು. ಗದ್ದ ಮೂಡಿ ನಿಂತಿತು. ಉಬ್ಬುಹಲ್ಲು ಎಂಬುದೇ ಕಾಣದಾಯಿತು.

“ನೋಡಿದಿರಾ ಅಮ್ಮ? ಮಗುವಿನ ಮೇಲಿನ ಹಲ್ಲು ಅಷ್ಟೇನೂ ಮುಂದೆ ಬಂದಿಲ್ಲ. ಕೆಳಗಿನ ದವಡೆ ಹಿಂದೆ ಉಳಿದಿದೆ” ಎಂದರು ಡಾಕ್ಟರಮ್ಮ.

ಮೂವತ್ತು ವರ್ಷಗಳ ಕಾಲ ತನ್ನ ಹಲ್ಲುಗಳನ್ನೇ ಶಪಿಸುತ್ತ ಬಂದ ತಾಯಿ ಆ ಮಾತನ್ನು ಕೇಳಿ ಮೂಕಳಾದಳು.

ಮೇಲ್ದವಡೆ, ಕೆಳದವಡೆಗಳ ಹಲ್ಲು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದರ ಮೇಲೆ ಬಾಯಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದವನು ಅಮೆರಿಕದ ಎಡ್ವರ್ಡ್ ಆ್ಯಂಗಲ್, ವರ್ಷ 1899. ಇಂದಿಗೂ ಡಾಕ್ಟರುಗಳು ಮೊದಲು ಬರೆದುಕೊಳ್ಳುವುದು ಅವನ ಲೆಕ್ಕವನ್ನೇ. ಕೆಳಗಿನ ಹಲ್ಲುಸಾಲು ಹಿಂದೆ ಬಿದ್ದಿದ್ದರೆ ಎರಡನೆಯ ವರ್ಗ, ಮುಂದೆ ಹೋಗಿದ್ದರೆ ಮೂರನೆಯದು. ಈ ಹುಡುಗಿಯದು ಎರಡನೆಯದು. ಮೇಲಿನ ಮುಂಬಲ್ಲಿಗೂ ಕೆಳಗಿನ ಮುಂಬಲ್ಲಿಗೂ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿರಬೇಕಾದ ಕಡೆ ಒಂಬತ್ತು ಮಿಲಿಮೀಟರ್ ಇತ್ತು. ಹೀಗೆ ಮುಂದೆ ಚಾಚಿದ ಹಲ್ಲಿಗೆ ಚೆಲುವಿನ ಭಯಕ್ಕಿಂತ ಬೇರೊಂದು ಭಯವೂ ಉಂಟು: ಮಗು ಮುಗ್ಗರಿಸಿದರೆ ಮೊದಲು ಮುರಿಯುವುದು ಅದೇ.

ಬಳಿಕ ಮುಖದ ಪಕ್ಕದಿಂದ ಒಂದು ಎಕ್ಸರೇ ತೆಗೆದರು. ತಲೆಯನ್ನು ಅಲುಗಾಡದಂತೆ ಹಿಡಿದು ಒಂದೇ ಅಳತೆಯಲ್ಲಿ ಚಿತ್ರ ತೆಗೆಯುವ ಈ ಕ್ರಮವನ್ನು 1931ರಲ್ಲಿ ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾತ್ ಎಂಬ ಇಬ್ಬರು ಬೇರೆಬೇರೆಯಾಗಿ ಪ್ರಕಟಿಸಿದರು. ಡಾಕ್ಟರಮ್ಮ ದವಡೆಯ ಅಳತೆ ಹಿಡಿದ ಮೇಲೆ ಚಿತ್ರದ ಅಂಚಿನಲ್ಲಿದ್ದ ಕತ್ತಿನ ಮೂಳೆಗಳನ್ನು ಬಹಳ ಹೊತ್ತು ನೋಡಿದರು. ದವಡೆಗೂ ಕತ್ತಿಗೂ ಏನು ಸಂಬಂಧವೆಂದು ತಂದೆ ಕೇಳಿದಾಗ ಅವರು ವಿವರಿಸಿದರು. ಮಕ್ಕಳು ಒಮ್ಮೆಲೇ ಎತ್ತರ ಬೆಳೆಯುವ ಕಾಲವೊಂದಿದೆ. ಹೆಣ್ಣುಮಕ್ಕಳಲ್ಲಿ ಅದು ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಕಿವಿಯ ಮುಂದೆ ಕೀಲಿನಲ್ಲಿರುವ ಮೃದ್ವಸ್ಥಿಯಿಂದ ಕೆಳದವಡೆ ಚುರುಕಾಗಿ ಬೆಳೆಯುವುದೂ ಆಗಲೇ. ಆ ಕಾಲ ಬಂದಿದೆಯೇ, ಕಳೆದಿದೆಯೇ ಎಂಬುದನ್ನು ಕತ್ತಿನ ಮೂಳೆಗಳ ಆಕಾರ ಸೂಚಿಸುತ್ತದೆ. “ನಿಮ್ಮ ಮಗಳಿಗೆ ಈಗ ಆ ಕಾಲ. ಒಳ್ಳೆಯ ಹೊತ್ತಿಗೆ ಕರೆತಂದಿದ್ದೀರಿ.”

“ಹಾಗಾದರೆ ಕ್ಲಿಪ್ಪು ಹಾಕಿದರೆ ದವಡೆ ಬೆಳೆಯುತ್ತದಾ?” ಎಂದು ತಂದೆ ಕೇಳಿದ.

“ನೀವೇನು ಬೆಳೆಯುತ್ತೀರಿ?”

“ಟೊಮೆಟೊ, ಸಾಂಬಾರ್ ಈರುಳ್ಳಿ. ಒಂದಿಷ್ಟು ಚೆಂಡು ಹೂವು.”

“ಟೊಮೆಟೊ ಗಿಡಕ್ಕೆ ಕೋಲು ಕೊಡುತ್ತೀರಲ್ಲ, ಕೋಲಿನಿಂದ ಗಿಡ ಬೆಳೆಯುತ್ತದೆಯೇ?”

“ಇಲ್ಲ. ಬೆಳೆಯೋ ಗಿಡ ನೆಲಕ್ಕೆ ಬೀಳದ ಹಾಗೆ ನಿಲ್ಲಿಸುತ್ತದೆ.”

“ಇದೂ ಅಷ್ಟೇ. ಬೆಳವಣಿಗೆ ಮಗುವಿನದು, ನಮ್ಮದು ಕೋಲು ಮಾತ್ರ. ಗಿಡ ಬೆಳೆಯುವಾಗಲೇ ಕಟ್ಟಬೇಕು. ಬಲಿತ ಮೇಲೆ ಎಳೆದು ಕಟ್ಟಿದರೆ ಕಾಂಡ ಮುರಿಯುತ್ತದೆ.”

ಬೇಸಾಯಗಾರನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಅವನು ಹೊಲದಲ್ಲಿ ದಿನವೂ ಕಂಡವನು. ಆದರೆ ಅವನ ಪಕ್ಕದಲ್ಲಿ ಕುಳಿತಿದ್ದ ಹೆಂಡತಿಗೆ ಆ ಗಾದೆಯ ಎರಡನೆಯ ಅರ್ಧವೇ ಕಿವಿಯಲ್ಲಿ ಉಳಿಯಿತು.

ಹೊರಗೆ ಕಾಯುತ್ತಿದ್ದವರಲ್ಲಿ ಎಂಟು ವರ್ಷದ ಹುಡುಗನೊಬ್ಬನಿದ್ದ. ಅವನ ತೊಂದರೆ ಇದಕ್ಕೆ ವಿರುದ್ಧವಾದದ್ದು: ಮೇಲ್ದವಡೆ ಹಿಂದೆ, ಕೆಳದವಡೆ ಮುಂದೆ. ಹಣೆಗೂ ಗದ್ದಕ್ಕೂ ಆನಿಸುವ ಮುಖಪಟ್ಟಿಯೊಂದರಿಂದ ಮೇಲ್ದವಡೆಯನ್ನು ರಬ್ಬರಿನ ಸೆಳೆತದಲ್ಲಿ ಮುಂದಕ್ಕೆ ತರುವ ಚಿಕಿತ್ಸೆ ಅವನಿಗೆ ನಡೆಯುತ್ತಿತ್ತು. ಅದು ಫಲಿಸಬೇಕಾದರೆ ಹತ್ತು ವರ್ಷದೊಳಗೆ ಆರಂಭಿಸುವುದೇ ಮೇಲು. ಒಂದು ಮಗುವಿಗೆ ಎಂಟು ವರ್ಷ ಸಕಾಲವಾದರೆ ಇನ್ನೊಂದಕ್ಕೆ ಹನ್ನೊಂದೋ ಹನ್ನೆರಡೋ ಸಕಾಲ. ಹಲ್ಲು ತೀರಾ ಚಾಚಿದ್ದು ಮುರಿಯುವ ಭಯವಿದ್ದರೆ ಎರಡನೆಯ ವರ್ಗದ ಮಕ್ಕಳಿಗೂ ಬೇಗ ತೊಡಗುವುದುಂಟು. ಆದರೆ 1990ರ ದಶಕದಿಂದ ಅಮೆರಿಕ, ಬ್ರಿಟನ್ನುಗಳಲ್ಲಿ ಮಕ್ಕಳನ್ನು ಎರಡು ತಂಡ ಮಾಡಿ ನಡೆಸಿದ ಪರೀಕ್ಷೆಗಳು ಹೇಳುವುದೇನೆಂದರೆ, ಏಳೆಂಟು ವರ್ಷಕ್ಕೇ ಆರಂಭಿಸಿದವರಲ್ಲಿ ಮುಂಬಲ್ಲಿಗೆ ಪೆಟ್ಟಾಗುವುದು ಕಡಿಮೆ. ಅದನ್ನು ಬಿಟ್ಟರೆ ಕೊನೆಯ ಫಲ ಇಬ್ಬರಿಗೂ ಒಂದೇ.

ಎರಡು ವಾರಗಳ ಅನಂತರ ಹುಡುಗಿಯ ಬಾಯಿಗೆ ‘ಟ್ವಿನ್ ಬ್ಲಾಕ್’ ಬಂದಿತು. ಮೇಲಕ್ಕೊಂದು, ಕೆಳಕ್ಕೊಂದು, ಗುಲಾಬಿ ಬಣ್ಣದ ಎರಡು ಪ್ಲೇಟುಗಳು. ಒಂದೊಂದರಲ್ಲೂ ಎಪ್ಪತ್ತು ಡಿಗ್ರಿ ಇಳಿಜಾರಿನ ದಿಮ್ಮಿಗಳು. ಬಾಯಿ ಮುಚ್ಚಬೇಕಾದರೆ ಕೆಳಗಿನ ದಿಮ್ಮಿ ಮೇಲಿನದರ ಮುಂದಕ್ಕೆ ಜಾರಲೇಬೇಕು; ಅದರೊಡನೆ ದವಡೆಯೂ ಮುಂದಕ್ಕೆ ಬರಲೇಬೇಕು. ಹಗಲೂ ರಾತ್ರಿಯೂ ಹಾಕಿರಬೇಕು, ಊಟ ಮಾಡುವಾಗಲೂ. ಹಲ್ಲುಜ್ಜುವಾಗ ಮಾತ್ರ ತೆಗೆದು ತೊಳೆಯಬೇಕು. ಮೊದಲ ವಾರ ದವಡೆ ನೊಂದಿತು, ಜೊಲ್ಲು ಸುರಿಯಿತು, ಮಾತು ತೊದಲಿತು. ಆದರೂ ಹುಡುಗಿ ಸಹಿಸಿಕೊಂಡಳು.

ಆ ದಿನಗಳಲ್ಲಿ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ತಾಯಿ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ತನ್ನ ಕೆಳದವಡೆಯನ್ನು ಮೆಲ್ಲಗೆ ಮುಂದಕ್ಕೆ ತಂದು ನೋಡಿಕೊಂಡಳು. ಕನ್ನಡಿಯಲ್ಲಿ ಬೇರೊಬ್ಬ ಹೆಂಗಸು ನಿಂತಿದ್ದಳು. ತುಟಿ ಸೇರಿದ, ಗದ್ದ ಮೂಡಿದ, ಯಾರೂ ‘ಆದರೆ’ ಎಂದು ಮಾತು ನಿಲ್ಲಿಸಲಾರದಂಥ ಹೆಂಗಸು. ದವಡೆ ನೋಯುವವರೆಗೂ ಅವಳು ಹಾಗೇ ನಿಂತಿದ್ದು, ಅನಂತರ ದೀಪ ಆರಿಸಿದಳು.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂದಿತು. ಹುಡುಗಿ ತೆರಕಣಾಂಬಿಯ ದಾರಿಯ ಬಸ್ಸಿನಲ್ಲಿ ಚಾಮರಾಜನಗರದ ಅಜ್ಜಿಯ ಮನೆಗೆ ಹೋದಳು. ಅಲ್ಲಿ ಸೋದರಮಾವನ ಮಕ್ಕಳು, ಚಿಕ್ಕಮ್ಮನ ಮಕ್ಕಳು, ದೊಡ್ಡ ದಂಡೇ ಸೇರಿತ್ತು. ಮೇ ತಿಂಗಳ ಕೊನೆಯಲ್ಲಿ ತಾಯಿ ತವರಿಗೆ ಹೋಗಿ, ಅಲ್ಲಿಂದಲೇ ರೈಲಿನಲ್ಲಿ ಮಗಳನ್ನು ಮೈಸೂರಿಗೆ ಕರೆದೊಯ್ದಳು. ದಾರಿಯುದ್ದಕ್ಕೂ ಹುಡುಗಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಡಾಕ್ಟರಮ್ಮ ಪುಟ್ಟ ಅಳತೆಗೋಲನ್ನು ಹಲ್ಲಿಗಿಟ್ಟು ನೋಡಿ, ಇನ್ನೊಮ್ಮೆ ಇಟ್ಟು ನೋಡಿದರು. ಮಾರ್ಚಿ ಕೊನೆಗೆ ಕಡಿಮೆಯಾಗಿದ್ದ ಅಂತರ ಮತ್ತೆ ಒಂಬತ್ತಕ್ಕೇ ಬಂದು ನಿಂತಿತ್ತು.

“ಎಲ್ಲಿಟ್ಟಿದ್ದೆ ಮರಿ?” ಎಂದು ಅವರು ಕೇಳಿದರೇ ಹೊರತು, ಹಾಕಿಕೊಂಡಿದ್ದೆಯಾ ಎಂದು ಕೇಳಲಿಲ್ಲ. ಹುಡುಗಿಯ ಕಣ್ಣು ತುಂಬಿತು. ಸ್ಟೀಲ್ ಡಬ್ಬಿಯಲ್ಲಿ, ಅಜ್ಜಿಯ ಮನೆಯ ಗೋಡೆಗೂಡಿನಲ್ಲಿ. ಮೊದಲ ದಿನವೇ ಅವಳ ತೊದಲುಮಾತು ಕೇಳಿ ಅಣ್ಣಂದಿರು, “ಕುದುರೆಗೆ ಲಗಾಮು ಹಾಕಿದ್ದಾರೆ” ಎಂದು ನಕ್ಕಿದ್ದರಂತೆ. ಅಂದಿನಿಂದ ಅದು ಡಬ್ಬಿ ಬಿಟ್ಟು ಹೊರಗೆ ಬಂದಿರಲಿಲ್ಲ. ತಾಯಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅದೇ ಊರು, ಅದೇ ಬೀದಿ, ಅದೇ ನಗೆ. ಹೆಸರು ಮಾತ್ರ ಬೇರೆ.

ಡಾಕ್ಟರಮ್ಮ ಗದರಿಸದೆ ಒಂದು ಕಥೆ ಹೇಳಿದರು. 1908ರ ಸುಮಾರಿಗೆ ವಿಗ್ಗೊ ಆಂಡ್ರೆಸನ್ ಎಂಬ ಡೆನ್ಮಾರ್ಕಿನ ದಂತವೈದ್ಯನಿದ್ದ. ಅವನ ಮಗಳಿಗೂ ಇದೇ ತೊಂದರೆ. ಬೇಸಗೆಯ ರಜೆಗೆ ಮಗಳು ಹೊರಡುವಾಗ ಹಲ್ಲಿಗೆ ಕಟ್ಟಿದ್ದ ತಂತಿಯನ್ನು ಬಿಚ್ಚಿ, ಕೆಳದವಡೆ ಮುಂದಕ್ಕೆ ಬಂದು ಕೂರುವಂಥ ಒಂದು ಪ್ಲೇಟನ್ನು ಮಾಡಿ ಕೊಟ್ಟ. ಇದ್ದುದು ಕೆಡದಿದ್ದರೆ ಸಾಕೆಂಬುದೇ ಅವನ ಆಸೆ. ಮಗಳು ರಜೆ ಮುಗಿಸಿ ಬಂದಾಗ ಹಲ್ಲುಸಾಲುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತಿದ್ದವು! ಮುಂದೆ ಅದರಿಂದಲೇ ‘ಆಕ್ಟಿವೇಟರ್’ ಎಂಬ ಸಾಧನ ಬೆಳೆದು ಯುರೋಪಿನಲ್ಲೆಲ್ಲ ಹರಡಿತು. ಈ ಹುಡುಗಿಯ ಬಾಯಲ್ಲಿದ್ದ ಟ್ವಿನ್ ಬ್ಲಾಕನ್ನು 1977ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ರೂಪಿಸಿದ್ದೂ ಸಹೋದ್ಯೋಗಿಯೊಬ್ಬರ ಮಗ ಬಿದ್ದು ಮುಂಬಲ್ಲಿಗೆ ಪೆಟ್ಟುಮಾಡಿಕೊಂಡ ಸಂದರ್ಭದಲ್ಲಿ. “ಅವಳೂ ನಿನ್ನ ಹಾಗೆ ರಜೆಗೆ ಹೋದವಳೇ. ಅವಳು ಹಾಕಿಕೊಂಡಿದ್ದಳು, ಅಷ್ಟೇ” ಎಂದರು ಡಾಕ್ಟರಮ್ಮ. ಆಮೇಲೆ ತಾಯಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಒಂದೆರಡು ತಿಂಗಳು ಹೋದದ್ದು ಹೋಯಿತು. ಇಡೀ ವರ್ಷ ಹೋದರೆ ಮಾತ್ರ ತಿರುಗಿ ಬರುವುದಿಲ್ಲ” ಎಂದು ಸೇರಿಸಿದರು. ಮಾತು ತೊದಲದಿರಲು ಒಂದು ಉಪಾಯವನ್ನೂ ತಿಳಿಸಿದರು: ದಿನವೂ ಅರ್ಧ ಗಂಟೆ ಪ್ಲೇಟು ಹಾಕಿಕೊಂಡೇ ಗಟ್ಟಿಯಾಗಿ ಓದಬೇಕು, ನಾಲಗೆ ತನ್ನ ಹೊಸ ಜಾಗವನ್ನು ತಾನೇ ಕಲಿಯುತ್ತದೆ.

ಏನನ್ನು ಓದಿಸುವುದು? ಪಾಠದ ಪುಸ್ತಕವೆಂದರೆ ಹುಡುಗಿ ಮೂಗು ಮುರಿದಳು. ಆಗ ನೆರವಿಗೆ ಬಂದವರು, ದೇವರು ಕೊಟ್ಟ ಬಾಯಿಗೆ ತಂತಿ ಬೇಡವೆಂದಿದ್ದ ಅತ್ತೆಯವರೇ. ವಾರಪತ್ರಿಕೆಯ ಧಾರಾವಾಹಿಯೆಂದರೆ ಅವರಿಗೆ ಪ್ರಾಣ. ಆದರೆ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾಗಿತ್ತು. ಸೊಸೆ ಉಪಾಯವಾಗಿ ಪತ್ರಿಕೆಯನ್ನು ಮೊಮ್ಮಗಳ ಕೈಗಿತ್ತಳು. ಮೊದಲ ವಾರ ‘ಸರೋಜ’ ಎಂಬುದು ‘ಥರೋಜ’ ಆಯಿತು, ‘ಸಾಹುಕಾರ’ ‘ಥಾಹುಕಾರ’ನಾದ. ಅಜ್ಜಿ ನಗಲಿಲ್ಲ. ಕಥೆ ಅಂಥ ಕಡೆ ನಿಂತಿತ್ತು. ನಗಲು ಅವರಿಗೆ ಪುರುಸೊತ್ತಿರಲಿಲ್ಲ. “ಆಮೇಲೇನಾಯ್ತು ಓದು ಕೂಸೆ” ಎಂಬುದೊಂದೇ ಅವರ ಮಾತು. ಧಾರಾವಾಹಿ ಮುಗಿದರೆ ಸಣ್ಣಕಥೆ, ಅದು ಮುಗಿದರೆ ವಾರಭವಿಷ್ಯ, ಅದೂ ಮುಗಿದರೆ ಜಾಹೀರಾತು. ಒಂದು ದಿನ ಹುಡುಗಿ ಪ್ಲೇಟು ತೆಗೆದಿಟ್ಟು ಓದಲು ಕುಳಿತಾಗ ಅಜ್ಜಿಯೇ ತಡೆದರು: “ಆ ಲಗಾಮು ಹಾಕ್ಕೊಂಡು ಓದು. ಇಲ್ಲದಿದ್ದರೆ ನನಗೆ ಕಥೆ ಕೇಳಿದ ಹಾಗೇ ಆಗಲ್ಲ.” ಅಜ್ಜಿಯ ಬಾಯಲ್ಲಿ ‘ಲಗಾಮು’ ಎಂಬ ಮಾತಿಗೆ ಕಹಿಯಿರಲಿಲ್ಲ. ಹುಡುಗಿ ನಕ್ಕು, ಹಾಕಿಕೊಂಡಳು. ಶಾಲೆ ತೆರೆದ ಒಂದು ತಿಂಗಳಿಗೆ ಅವಳ ಮಾತಿನಲ್ಲಿ ತೊದಲು ಉಳಿದಿರಲಿಲ್ಲ.

ಆ ಜುಲೈಯಲ್ಲಿ ದೇಶದಲ್ಲೆಲ್ಲ ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತು. ಪೇಟೆಯವರು ಬೈದುಕೊಂಡರು, ಗುಂಡ್ಲುಪೇಟೆಯ ಆ ಬೇಸಾಯಗಾರ ಮಾತ್ರ ಚಿಕಿತ್ಸೆಯ ಬಾಕಿ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಿಬಂದ. “ಕೋಲು ಕೊಟ್ಟ ಗಿಡವೇ ಕೋಲಿನ ಸಾಲ ತೀರಿಸಿತು” ಎಂದು ಅವನು ಡಾಕ್ಟರಮ್ಮನಿಗೆ ಹೇಳಿದನಂತೆ.

2024ರ ಮಾರ್ಚಿ ಹೊತ್ತಿಗೆ ಒಂಬತ್ತು ಮಿಲಿಮೀಟರ್ ಮೂರಕ್ಕೆ ಇಳಿಯಿತು. ಇದನ್ನೆಲ್ಲ ದವಡೆಯೇ ಬೆಳೆದು ತುಂಬಿತೆಂದು ಡಾಕ್ಟರಮ್ಮ ಹೇಳಲಿಲ್ಲ. ಇಂಥ ಸಾಧನದಿಂದ ದವಡೆ ಪಡೆಯುವ ಹೆಚ್ಚಿನ ಉದ್ದ ಒಂದೆರಡು ಮಿಲಿಮೀಟರ್ ಇದ್ದೀತು. ಉಳಿದುದು ಮೇಲಿನ ಹಲ್ಲು ಹಿಂದಕ್ಕೂ ಕೆಳಗಿನ ಹಲ್ಲು ಮುಂದಕ್ಕೂ ವಾಲಿದ್ದರ ಫಲ. ಕೆಲಸವೂ ಅಲ್ಲಿಗೆ ಮುಗಿಯಲಿಲ್ಲ. ಹಲ್ಲುಗಳನ್ನು ಒಂದೊಂದಾಗಿ ಸಾಲಿಗೆ ತರಲು ಮತ್ತೆ ಒಂದು ವರ್ಷಕ್ಕೂ ಮೇಲ್ಪಟ್ಟು ತಂತಿ ಕಟ್ಟಿದರು. ಅದನ್ನು ಬಿಚ್ಚಿದ ಮೇಲೆ, ಹಲ್ಲು ಹಳೆಯ ಜಾಗ ನೆನೆಸಿಕೊಂಡು ಮರಳದಂತೆ ರಾತ್ರಿ ಹಾಕಿಕೊಳ್ಳಲು ರಿಟೇನರ್ ಕೊಟ್ಟರು. ಆದರೆ ಮನೆಯವರ ಪಾಲಿಗೆ ಫಲ ಕಂಡದ್ದು ಅಳತೆಗೋಲಿನಲ್ಲಲ್ಲ. ಹಿತ್ತಿಲಲ್ಲಿ ಗೆಳತಿಯರೊಡನೆ ನಗುವಾಗ ಹುಡುಗಿಯ ಎರಡೂ ಕೈ ಬಿಡುವಾಗಿದ್ದವು.

ಅಷ್ಟರಲ್ಲಿ ತಾಯಿಯ ಫೋನಿಗೆ ಒಂದು ಜಾಹೀರಾತು ಬಂದಿತ್ತು. ಶಸ್ತ್ರಚಿಕಿತ್ಸೆಯಿಲ್ಲ, ಹಲ್ಲು ಕೀಳುವುದಿಲ್ಲ. ರಾತ್ರಿ ಒಂದು ಪ್ಲೇಟು ಹಾಕಿಕೊಂಡರೆ ದೊಡ್ಡವರಿಗೂ ದವಡೆ ಬೆಳೆಯುತ್ತದೆಂದು ಅದರಲ್ಲಿತ್ತು. ಅವಳು ಅದನ್ನು ಅಳಿಸದೆ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದಳು. 2025ರಲ್ಲಿ ಮಗಳ ತಂತಿ ಬಿಚ್ಚಿದ ದಿನ, ಮಗಳೇ ಆ ಫೋನನ್ನು ಡಾಕ್ಟರಮ್ಮನ ಮುಂದೆ ಹಿಡಿದಳು: “ಮೇಡಂ, ಇದು ನಿಜವಾ? ನಮ್ಮವ್ವ ದಿನಾ ನೋಡ್ತಾಳೆ.” ತಾಯಿಯ ಕೈ ಸೆರಗಿಗೆ ಹೋಯಿತು.

ಡಾಕ್ಟರಮ್ಮ ನಗಲಿಲ್ಲ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕುಳಿತು ಮಾತಾಡಿದರು. ದೊಡ್ಡವರ ದವಡೆಯನ್ನು ಪ್ಲೇಟಿನಿಂದ ಬೆಳೆಸಬಹುದೆಂಬುದಕ್ಕೆ ನಂಬಬಹುದಾದ ಆಧಾರವಿಲ್ಲ. ಮಕ್ಕಳಲ್ಲಿ ಅಂಗುಳಿನ ನಡುವಿನ ಬೆಸುಗೆ ಇನ್ನೂ ಬಿಗಿದಿರುವುದಿಲ್ಲ. ಹಾಗಾಗಿ ಅದನ್ನು ತಿರುಪಿನಿಂದ ಅಗಲಿಸಬಹುದು. ಅಮೆರಿಕದ ಏಂಜೆಲ್ ಎಂಬ ದಂತವೈದ್ಯ ಹದಿನಾಲ್ಕರ ಹುಡುಗಿಯೊಬ್ಬಳಿಗೆ ಹಾಗೆ ಮಾಡಿದ್ದನ್ನು 1860ರಲ್ಲೇ ಪ್ರಕಟಿಸಿದ್ದಾನೆ. ಬೆಸುಗೆ ಬಿಗಿದ ಮೇಲೆ ಬರಿಯ ಪ್ಲೇಟಿನಿಂದ ಅಗಲಿಸಹೋದರೆ ಬಹುಮಟ್ಟಿಗೆ ಹಲ್ಲು ಹೊರಕ್ಕೆ ವಾಲುತ್ತದೆ, ಮೂಳೆಯಲ್ಲ. ಅಂಗುಳಿನ ಮೂಳೆಗೇ ಪುಟ್ಟ ತಿರುಪುಗಳನ್ನು ಕೂರಿಸಿ ಕೆಲವು ತರುಣರಲ್ಲಿ ಅಗಲಿಸುವುದುಂಟು. ಕೆಳದವಡೆಯನ್ನು ಉದ್ದ ಮಾಡುವ ದಾರಿ ಅದಲ್ಲ. ಗೊರಕೆ, ಉಸಿರುಕಟ್ಟುವ ತೊಂದರೆ ಇರುವವರಿಗೆ ಕೆಳದವಡೆಯನ್ನು ಮುಂದೆ ಹಿಡಿಯುವ ಸಾಧನ ಕೊಡುತ್ತಾರೆ; ಅದು ಬಾಯಲ್ಲಿರುವಷ್ಟು ಹೊತ್ತು ಹಿಡಿದಿಡುತ್ತದೆಯೇ ಹೊರತು ಬೆಳೆಸುವುದಿಲ್ಲ.

ತಾಯಿ ಮೆಲ್ಲಗೆ ಹೇಳಿದಳು: “ಗೊತ್ತಿತ್ತು ಡಾಕ್ಟರಮ್ಮ. ಮರ ಬಗ್ಗಲ್ಲ.”

“ಮರ ಬಗ್ಗುವುದಿಲ್ಲ, ನಿಜ. ಆದರೆ ಹಲ್ಲು ಮರವಲ್ಲ ಅಮ್ಮ” ಎಂದರು ಡಾಕ್ಟರಮ್ಮ. ದವಡೆಯ ಬೆಳವಣಿಗೆ ಒಂದು ವಯಸ್ಸಿಗೆ ನಿಲ್ಲುತ್ತದೆ. ಹಲ್ಲಿನ ಸುತ್ತಲ ಮೂಳೆಯ ಜೀವ ನಿಲ್ಲುವುದಿಲ್ಲ. ಹಲ್ಲಿಗೆ ಮೆಲ್ಲಗೆ ಒತ್ತು ಕೊಟ್ಟರೆ ಒತ್ತಿದ ಕಡೆ ಮೂಳೆ ಕರಗುತ್ತದೆ, ಸೆಳೆದ ಕಡೆ ಹೊಸ ಮೂಳೆ ಕಟ್ಟುತ್ತದೆ. ವಸಡು ಗಟ್ಟಿಯಾಗಿದ್ದರೆ ನಲವತ್ತರಲ್ಲೂ ಐವತ್ತರಲ್ಲೂ ಇದು ನಡೆಯುತ್ತದೆ. ಅವಳ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು, ಮೇಲಿನ ಸಾಲಿನಲ್ಲಿ ಎರಡು ಕಡೆಯೂ ಒಂದೊಂದು ಹಲ್ಲು ತೆಗೆದು, ಆ ಜಾಗಕ್ಕೆ ಮುಂಬಲ್ಲುಗಳನ್ನು ತಂತಿಯಿಂದ ಹಿಂದೆ ಸರಿಸುವುದು. ಹಲ್ಲು ಒಳಗೆ ಹೋಗುತ್ತದೆ, ಗದ್ದ ಇದ್ದಂತೆಯೇ ಇರುತ್ತದೆ. ಎರಡನೆಯದು, ಶಸ್ತ್ರಚಿಕಿತ್ಸೆಯಿಂದ ಕೆಳದವಡೆಯನ್ನು ಎರಡು ಬದಿಯಲ್ಲೂ ಸೀಳಿ ಮುಂದಕ್ಕೆ ತಂದು, ಲೋಹದ ಪಟ್ಟಿಯಿಂದ ಕೂಡಿಸುವುದು. 1950ರ ದಶಕದಲ್ಲಿ ಹ್ಯೂಗೊ ಓಬ್ವೆಗೆಸರ್ ಎಂಬ ಶಸ್ತ್ರವೈದ್ಯ ಬಾಯೊಳಗಿನಿಂದಲೇ ಇದನ್ನು ನಡೆಸುವ ಕ್ರಮವನ್ನು ಬೆಳೆಸಿದ. ಮುಖದ ಮೇಲೆ ಗಾಯದ ಕಲೆಯಿರುವುದಿಲ್ಲ. ಆದರೆ ಅದು ದೊಡ್ಡ ಚಿಕಿತ್ಸೆ. ಮುಂಚೆಯೂ ಆಮೇಲೆಯೂ ತಂತಿ ಬೇಕು; ಕೆಳದುಟಿಗೆ ಸ್ವಲ್ಪ ಜೋಮು ಉಳಿಯುವ ಸಂಭವವೂ ಉಂಟು. ಎಲ್ಲವನ್ನೂ ಮುಚ್ಚಿಡದೆ ಹೇಳಿ, “ಏನೂ ಮಾಡಿಸದೆ ಇರುವುದೂ ಒಂದು ದಾರಿಯೇ” ಎಂದು ಅವರು ಮುಗಿಸಿದರು.

ಊರಿಗೆ ಮರಳುವಾಗ ತಾಯಿ ತನ್ನ ತಾಯಿಯನ್ನು ನೆನೆದಳು. ಆಕೆಯದೂ ಇದೇ ಬಾಯಿ, ಇದೇ ಗದ್ದ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ಭಾರತೀಯ ಆರ್ಥೊಡಾಂಟಿಕ್ ಸೊಸೈಟಿ ಹುಟ್ಟಿದ್ದು 1965ರಲ್ಲಿ. ಆ ಕಾಲದಲ್ಲಿ ಚಾಮರಾಜನಗರದಲ್ಲಿ ಬೆಳೆಯುತ್ತಿದ್ದ ಹೆಣ್ಣುಮಗುವಿನ ಕಿವಿಗೆ ಇವುಗಳ ಸುದ್ದಿ ಬೀಳುವುದಾದರೂ ಹೇಗೆ? ಒಬ್ಬಳಿಗೆ ಚಿಕಿತ್ಸೆಯ ಹೆಸರೇ ತಿಳಿದಿರಲಿಲ್ಲ. ಇನ್ನೊಬ್ಬಳಿಗೆ ಕಾಲ ಮೀರಿದ ಮೇಲೆ ತಿಳಿಯಿತು. ಮೂರನೆಯವಳಿಗೆ ಸಕಾಲದಲ್ಲಿ ದೊರೆಯಿತು.

“ಯಾವುದು ಮಾಡಿಸ್ತೀಯವ್ವ?” ಎಂದು ಮಗಳು ಕೇಳಿದಾಗ ಬಸ್ಸು ಬೇಗೂರು ದಾಟಿತ್ತು.

“ಹಲ್ಲು ಹಿಂದೆ ಹೋಗಲಿ, ಸಾಕು. ಗದ್ದ ಹೀಗೇ ಇರಲಿ. ಅದು ನಮ್ಮವ್ವನ ಗದ್ದ.”

ಮುಂದಿನ ತಿಂಗಳು ಅವಳ ಹಲ್ಲಿಗೆ ತಂತಿ ಬಂದಿತು. ಎರಡು ವರ್ಷ ಹಿಡಿಯಬಹುದೆಂದು ಡಾಕ್ಟರಮ್ಮ ಹೇಳಿದ್ದರು. ಇಷ್ಟು ವರ್ಷ ಕಾದವಳಿಗೆ ಅದು ದೊಡ್ಡದೆನಿಸಲ್ಲಿಲ್ಲ. ಅಂದು ಸಂಜೆ ಮನೆ ಸೇರಿ ಮುಖ ತೊಳೆದು ಬರುವಷ್ಟರಲ್ಲಿ ಅತ್ತೆ ಜಗಲಿಯ ಮೇಲೆ ಕಾದು ಕುಳಿತಿದ್ದರು. ಮಡಿಲಲ್ಲಿ ಆ ವಾರದ ಪತ್ರಿಕೆ.

“ಕೂಸಿಗೆ ಈಗ ಹೈಸ್ಕೂಲಿನ ಪಾಠ. ಇನ್ನು ಮೇಲೆ ಧಾರಾವಾಹಿ ಓದೋ ಸರದಿ ನಿನ್ನದು” ಎಂದು ಅದನ್ನು ಸೊಸೆಯ ಕೈಗಿಟ್ಟರು.

ಹಲ್ಲು ನೋಯುತ್ತಿತ್ತು, ತುಟಿಗೆ ತಂತಿ ತಾಗುತ್ತಿತ್ತು. ಆದರೂ ಅವಳು ಕುಳಿತು ಓದತೊಡಗಿದಳು. ಕಥೆಯಲ್ಲಿ ಅಂದು ಮದುವೆಮನೆಯ ಅಡಿಗೆಭಟ್ಟನೊಬ್ಬ ಪಾಯಸಕ್ಕೆ ಸಕ್ಕರೆಯೆಂದು ಉಪ್ಪು ಸುರಿದುಬಿಟ್ಟಿದ್ದ. ಬೀಗರು ಮೊದಲ ಗುಟುಕು ಕುಡಿಯುವ ಹೊತ್ತಿಗೆ ಅತ್ತೆ ಬಿದ್ದುಬಿದ್ದು ನಗುತ್ತಿದ್ದರು, ಬಾಗಿಲಲ್ಲಿ ನಿಂತ ಮಗಳು ನಗುತ್ತಿದ್ದಳು. ಓದುತ್ತಿದ್ದವಳಿಗೂ ನಗು ತಡೆಯಲಾಗಲಿಲ್ಲ. ಪತ್ರಿಕೆಯನ್ನು ಅವಳು ಎರಡು ಕೈಯಲ್ಲೂ ಹಿಡಿದಿದ್ದಳು. ಸೆರಗು ಹೆಗಲ ಮೇಲೇ ಇತ್ತು.